ಕಾಂಪೌಂಡಿನ ಒಳಗಿನ ಮನೆ

ಪರದೇಶದ ಇಂಟರ್‌ನ್ಯಾಷನಲ್ ಶಾಲೆಯಲ್ಲಿ ಕೆಲಸ ಸಿಕ್ಕಿ ಬಂದಿಳಿದ ಮಂದಾಕಿನಿ ಎರಡು ಮನೆಗಳಲ್ಲಿ ಒಂದನ್ನು ಆರಿಸಬೇಕಿತ್ತು. ಒಂದು ಪೇಟೆಯಲ್ಲಿ, ಇನ್ನೊಂದು ಶಾಲೆಯ ಕಾಂಪೌಂಡಿನೊಳಗೆ. ಒಳಗಿನ ಮನೆಯನ್ನು ಪ್ರಿನ್ಸಿಪಾಲ್ ಮೇಡಂ ಖುದ್ದಾಗಿ ತೋರಿಸಲು ಬಂದರು. ಅವರು ಆ ದೇಶದವರೇ. ಜೊತೆಗೆ ಅಲ್ಲಿ ಬಹಳ ಕಾಲದಿಂದ ಗಣಿತ ಕಲಿಸುತ್ತಿದ್ದ ಗದಗಿನ ಚನ್ನವೀರಪ್ಪ ಮಾಸ್ತರರೂ ಇದ್ದರು.

"ಹೇಗಿದೆ ಸರ್ ಈ ಮನೆ?" ಮಂದಾಕಿನಿ ಕನ್ನಡದಲ್ಲಿ ಕೇಳಿದಳು.

ಮಾಸ್ತರರು ಕಿಟಕಿಯ ಕಡೆ ಕೈತೋರಿಸುತ್ತ ನಗುಮುಖದಲ್ಲೇ ಹೇಳಿದರು: "ನಕ್ಕೋತ ಕೇಳ್ರಿ. ಈ ಮನಿ ಬ್ಯಾಡ. ಒಳಗ ಬಂದವರ ಪಾಸ್‌ಪೋರ್ಟ್ ಇಸ್ಕೊಂಡು ಇಟ್ಕೋತಾರ. ನಮ್ಮವ್ವ ತೀರಿಕೊಂಡಾಗೂ ನನ್ನ ಊರಿಗೆ ಬಿಡಲಿಲ್ಲ."

ಅವಳೂ ಕಿಟಕಿಯ ಕಡೆ ನೋಡುತ್ತ ನಕ್ಕಳು.

"ಏನಂತಾರೆ?" ಪ್ರಿನ್ಸಿಪಾಲ್ ಇಂಗ್ಲಿಷಿನಲ್ಲಿ ಕೇಳಿದರು.

"ಗಾಳಿ, ಬೆಳಕು ಚೆನ್ನಾಗಿದೆ ಅಂತಾರೆ. ಆದ್ರೆ ನನಗೆ ಪೇಟೆ ಮನೆಯೇ ಇರಲಿ ಮೇಡಂ," ಎಂದು ಅವಳೂ ಇಂಗ್ಲಿಷಿನಲ್ಲೇ ಹೇಳಿದಳು.

ಪ್ರಿನ್ಸಿಪಾಲ್ ತಲೆಯಾಡಿಸಿ, ಮಾಸ್ತರರನ್ನು ತರಗತಿಗೆ ಕಳಿಸಿದರು. ಬಾಗಿಲು ಹಾಕಿ ಬಂದು ಅವಳ ಎದುರು ನಿಂತು, ಸ್ವಚ್ಛ ಕನ್ನಡದಲ್ಲಿ ಹೇಳಿದರು:

"ಅವರ ತಾಯಿ ಹೋದಾಗ ನನಗೂ ಬೇಜಾರಾಯ್ತು. ಎಲ್ಲಿ, ನಿಮ್ಮ ಪಾಸ್‌ಪೋರ್ಟ್ ಕೊಡಿ."