ಗಮನ ನೂರಕ್ಕೆ ನೂರು

"ಬರಿಗಾಲಿನ ಸಂಚಾರವನ್ನು ವರ್ಜಿಸಿರಿ. ಪ್ರತಿದಿನ ಪಾದಗಳನ್ನು ಪರೀಕ್ಷಿಸಿರಿ," ಎಂದು ಆಸ್ಪತ್ರೆಯ ಸಕ್ಕರೆ ಕಾಯಿಲೆ ಕ್ಲಾಸಿನಲ್ಲಿ ರೋಬೋಟ್ ಕೈಯೆತ್ತಿ ಹೇಳಿದಾಗ, ನಿವೃತ್ತ ಬಸ್ ಡ್ರೈವರ್ ಪಕ್ಕದಲ್ಲಿದ್ದ ಹೆಂಡತಿಯನ್ನು ತಿವಿದರು. "ಎಂಥಾ ಮಾತು ಹೇಳ್ತು ನೋಡೇ!"

"ಇಷ್ಟು ವರ್ಷ ನಾನು ಬಡ್ಕೊಂಡಿದ್ದು ಇದನ್ನೇ ಅಲ್ವೇನ್ರೀ?"

"ನಿಂದು ಬರೀ ಗೊಣಗಾಟ. ಅದು ಓದ್ಕೊಂಡಿದೆ."

ಡ್ರೈವರರ ಕಾಲಿನ ಹೆಬ್ಬೆರಳಿನ ಹುಣ್ಣು ಒಣಗುತ್ತಲೇ ಇರಲಿಲ್ಲ. ಹೀಗೇ ಬಿಟ್ಟರೆ ಬೆರಳು ತೆಗೆಯಬೇಕಾದೀತು ಎಂದು ಡಾಕ್ಟರು ಎಚ್ಚರಿಸಿದ್ದರು. ರೋಬೋಟ್ ಹೇಳಿದ ಮೇಲೆ ಡ್ರೈವರ್ ಮನೆಯೊಳಗೂ ಚಪ್ಪಲಿ ಮೆಟ್ಟಿದರು, ಕನ್ನಡಿ ಹಿಡಿದು ಅಂಗಾಲು ನೋಡಿಕೊಂಡರು. ಹೆಂಡತಿಗೆ ಹೊಟ್ಟೆ ಉರಿಯಿತು. ಆದರೂ, ಹುಣ್ಣು ಮಾಯುತ್ತಿದೆಯಲ್ಲ, ಹೇಳಿದ್ದು ಯಾರಾದರೇನು ಎಂದು ಸಮಾಧಾನ ತಂದುಕೊಂಡರು.

ತೊಂದರೆ ಉಳಿದವರದ್ದು. "ಆರ್ದ್ರತೆಯನ್ನು ನಿವಾರಿಸಿರಿ" ಎಂದು ರೋಬೋಟ್ ಶುರು ಮಾಡಿದರೆ ಅರ್ಧ ಕ್ಲಾಸು ಆಕಳಿಸುತ್ತಿತ್ತು. ಒಂದು ದಿನ ಪಕ್ಕದ ಕುರ್ಚಿಯ ಹೆಂಗಸು, "ಹಂಗಂದ್ರೇನ್ರೀ?" ಎಂದು ಕೇಳಿದಾಗ ಹೆಂಡತಿ ಬಿಡಿಸಿ ಹೇಳಿದರು: "ಕಾಲು ತೊಳ್ಕೊಂಡ್ರೆ ಸಾಲ್ದು ಕಣಮ್ಮ, ಬೆರಳಸಂದಿ ಒದ್ದೆ ಇಲ್ದಂಗೆ ಒರೆಸ್ಕೋಬೇಕು."

ಕ್ಲಾಸು ನೋಡಿಕೊಳ್ಳುವ ನರ್ಸಿನ ಕಿವಿಗೆ ಅದು ಬಿತ್ತು. "ಅಮ್ಮಾ, ಎಲ್ಲಾನೂ ಹೀಗೇ ಹೇಳಿ. ನಿಮ್ಮ ದನಿ ರೆಕಾರ್ಡ್ ಮಾಡಿ ರೋಬೋಟಿಗೆ ಹಾಕ್ತೀವಿ."

"ತಗೊಳ್ಳಿ. ಮನೇಲಂತೂ ಕೇಳೋರಿಲ್ಲ."

ಮುಂದಿನ ಕ್ಲಾಸಿನಲ್ಲಿ ರೋಬೋಟ್ ಆಕೆಯ ದನಿಯಲ್ಲಿ ಗದರಿತು. ಇಡೀ ಕೋಣೆ ಕಿವಿ ನಿಮಿರಿಸಿತು. ಹಿಂದಿನ ಸಾಲಿನವರು ಕೂತಲ್ಲೇ ಸಾಕ್ಸ್ ಬಿಚ್ಚಿ ಬೆರಳಸಂದಿ ನೋಡಿಕೊಂಡರು. ಡ್ರೈವರ್ ಮಾತ್ರ ಎರಡನೇ ಮಾತಿಗೇ ಕುರ್ಚಿಗೊರಗಿ ಗೊರಕೆ ಹೊಡೆಯತೊಡಗಿದರು.

ಯಾರಾದರೂ ಕಣ್ಣು ಮುಚ್ಚಿದರೆ ಹತ್ತಿರ ಹೋಗಿ ಮಾತಾಡಿಸುವುದನ್ನು ರೋಬೋಟಿಗೆ ಕಲಿಸಿದ್ದರು. ಅದು ಉರುಳಿಕೊಂಡು ಬಂದು ಅವರೆದುರು ನಿಂತಿತು. "ಏನ್ರೀ, ಹೇಳಿದ್ದು ಕೇಳಿಸ್ತಾ?"

"ಹ್ಞೂಂ ಕಣೇ, ಕೇಳಿಸ್ತು," ಎಂದರು ಡ್ರೈವರ್, ಕಣ್ಣು ಬಿಡದೆ.

ರೋಬೋಟಿನ ಎದೆಯಲ್ಲಿ ಹಸಿರು ದೀಪ ಹತ್ತಿತು. "ಶಭಾಷ್! ಗಮನ ನೂರಕ್ಕೆ ನೂರು!" ಎಂದು ಚಪ್ಪಾಳೆ ತಟ್ಟಿತು.

ಹೆಂಡತಿ ಎದ್ದು ಬಂದು ಅದರ ತಣ್ಣನೆಯ ಹೆಗಲ ಮೇಲೆ ಕೈಯಿಟ್ಟರು. "ಮದುವೆಯಾದ ಹೊಸದರಲ್ಲಿ ನಾನೂ ಹೀಗೇ ನಂಬಿದ್ದೆ ಕಣೇ."