ಮೊದಲ ಪರವಾನಗಿ

ಸರ್ಕಾರ ಗಾಂಜಾ ಮಾರಾಟವನ್ನು ಕಾನೂನುಬದ್ಧಗೊಳಿಸಿದ ವಾರದಲ್ಲೇ ಮಲ್ಕಪ್ಪ ಅಂಗಡಿಯ ಪರವಾನಗಿಗೆ ಅರ್ಜಿ ಹಾಕಿದ. ಅದೇ ಗಾಂಜಾ ಮಾರಿ ಎರಡು ವರ್ಷ ಜೈಲಿನಲ್ಲಿದ್ದುದನ್ನು ಮಾತ್ರ ಅದರಲ್ಲಿ ಬರೆಯಲಿಲ್ಲ.

ಅಧಿಕಾರಿ ಅರ್ಜಿಯಿಂದ ತಲೆಯೆತ್ತಿ ಕೇಳಿದರು: "ಹಿಂದೆ ಈ ವ್ಯಾಪಾರ ಮಾಡಿದ್ದುಂಟೆ?"

ಬಲೆ ಬೀಸುತ್ತಿದ್ದಾರೆ ಎನ್ನಿಸಿತು ಮಲ್ಕಪ್ಪನಿಗೆ. "ಅದರ ವಾಸನೀನೂ ಗೊತ್ತಿಲ್ರೀ ಸಾಹೇಬ್ರ."

"ಕೇಸು, ಜೈಲು?"

"ನಮ್ಮ ಮನೆತನದಾಗ ಠಾಣೆ ಮೆಟ್ಟಲ ಹತ್ತಿದವ್ರ ಇಲ್ರೀ."

"ಯೋಚಿಸಿ ಹೇಳಿ."

"ದೇವರಾಣಿ ಇಲ್ರೀ." ಊರಿನ ಹೆಡ್‌ಮಾಸ್ತರರಿಂದ ಕಾಡಿಬೇಡಿ ಬರೆಸಿಕೊಂಡಿದ್ದ ಸನ್ನಡತೆಯ ಪತ್ರವನ್ನೂ ಅವನು ಮೇಜಿನ ಮೇಲಿಟ್ಟ.

ಅಧಿಕಾರಿ ಅದನ್ನು ಪೂರ್ತಿ ಓದಿ, ಅರ್ಜಿಯ ಮೇಲೆ ಅಡ್ಡಗೆರೆ ಎಳೆದರು.

"ಹಾಗಿದ್ದರೆ ನಿಮಗೆ ಸಿಗದು. ಹಳೆಯ ಶಿಕ್ಷೆಗೆ ಪರಿಹಾರವಾಗಿ ಮೊದಲ ವರ್ಷದ ಪರವಾನಗಿಗಳೆಲ್ಲ ಗಾಂಜಾ ಕೇಸಿನಲ್ಲಿ ಜೈಲು ಕಂಡವರಿಗೇ ಮೀಸಲು."