ಲಾದಿ ಐಸು

ಗೋಣಿ ಸುತ್ತಿದ ಐಸಿನ ದೊಡ್ಡ ಲಾದಿಯನ್ನು ಹೆಗಲ ಮೇಲೆ ಹೊತ್ತು ಕಾಂತಪ್ಪ ದಹಿಸರಿನ ಚಾಳಿನೊಳಗೆ ಕಾಲಿಟ್ಟದ್ದೇ ತಡ, ನಲ್ಲಿಯ ಬಳಿಯ ಹೆಂಗಸರ ಮಾತು ನಿಂತುಹೋಯಿತು. ಪಕ್ಕದ ಖೋಲಿಯ ವಿನೋದಿನಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಓಡಿಬಂದಳು. “ಅಯ್ಯೋ ದೇವರೇ! ಸೇವಂತಿ ಎಷ್ಟು ಹೊತ್ತಿಗೆ ಹೋದದ್ದು ಮಾರಾಯ್ರೆ? ನಮಗೊಂದು ಮಾತು ಹೇಳ್ಬಾರ್ದಿತ್ತಾ?”

“ಹೋದದ್ದಲ್ಲ ಮಾರಾಯ್ತಿ! ಜ್ವರ ಇಳೀತಾ ಇಲ್ಲ, ಅದಕ್ಕೆ ತಂದದ್ದು,” ಎನ್ನುವಾಗಲೇ ಅವನಿಗೆ ಹೊಳೆಯಿತು. ಈ ಚಾಳಿಗೆ ಇಡೀ ಲಾದಿ ಐಸು ಬರುವುದು ಒಂದೇ ಕೆಲಸಕ್ಕೆ. ಊರಿನ ನೆಂಟರು ಬಂದು ಮುಖ ನೋಡುವ ತನಕ ಹೆಣ ಕೆಡದಂತೆ ಇಡುವುದಕ್ಕೆ. ಗ್ರಾಂಟ್ ರೋಡಿನ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಾ ಬೆಳಗಿನಿಂದ ಅವನು ಯೋಚಿಸಿದ್ದು ಒಂದನ್ನೇ: ಮೇ ತಿಂಗಳ ಬಿಸಿಲಿಗೆ ಕಾದ ತಗಡಿನ ಮಾಡು, ಅದರ ಕೆಳಗೆ ನಾಲ್ಕು ದಿನದಿಂದ ಬೇಯುತ್ತಿರುವ ಹೆಂಡತಿ. ಮಿಕ್ಕದ್ದು ತಲೆಗೇ ಬಂದಿರಲಿಲ್ಲ.

ಖೋಲಿಯ ಬಾಗಿಲು ತೆರೆದೇ ಇತ್ತು. ಒಳಗೆ ಮಲಗಿದ್ದ ಸೇವಂತಿಗೆ ಎಲ್ಲ ಕೇಳಿಸಿತ್ತು. ಅವನು ಲಾದಿಯನ್ನು ಚಾಪೆಯ ಪಕ್ಕಕ್ಕೆ ಇಳಿಸಿ, ಅದಕ್ಕೆ ಟವೆಲು ಒತ್ತಿ ತಣ್ಣಗೆ ಮಾಡಿ ಅವಳ ಹಣೆಗಿಟ್ಟ. “ಆ ವಿನೋದಿನಿಗೆ ತಲೆ ಕೆಟ್ಟಿದೆ. ನಾಳೆಗೆ ನೀನು ಎದ್ದು ಕೂತು ಗಂಜಿ ಕುಡೀತಿ ನೋಡು,” ಎಂದ.

ಅವಳು ಕೈ ಚಾಚಿ ಐಸನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ಸವರಿದಳು. “ಪುತ್ತೂರಿಂದ ಅಣ್ಣ ಬಸ್ಸು ಹತ್ತಿದ್ರೂ ಒಂದು ಹಗಲು, ಒಂದು ರಾತ್ರಿ ಬೇಕಲ್ಲ,” ಎಂದಳು. “ಈ ಸೆಕೆಗೆ ಇದೊಂದು ಸಾಕಾಗ್ಲಿಕ್ಕಿಲ್ಲ. ಇನ್ನೊಂದಕ್ಕೆ ಹೇಳಿ ಇಡಿ.”